ಕೂಟವಸ್ತುವಿನ ಕ್ರಯವೂ ಕೊಂಡವನ ಹಕ್ಕೂ

ಶಾಸನಗಳಲ್ಲಿ ಪರಿಶ್ರಮವುಳ್ಳವರಿಗೆ ಕೂಟಶಾಸನವೆಂಬ ಮಾತು ಹೊಸದಲ್ಲ. ಗಂಗರ ಹೆಸರಿನಲ್ಲಿ ದೊರೆತ ತಾಮ್ರಪಟಗಳಲ್ಲಿ ಅನೇಕವನ್ನು ಫ್ಲೀಟ್ ಮಹಾಶಯರು ಕೂಟವೆಂದು ತಳ್ಳಿಹಾಕಿದುದೂ, ರೈಸ್ ಮಹಾಶಯರು ಅದನ್ನು ಒಪ್ಪದೆ ವಾದಿಸಿದುದೂ ವಾಚಕರಿಗೆ ತಿಳಿದೇ ಇದೆ. ಆದರೆ ಅಂಥ ಪಟವೊಂದನ್ನು ಹಣ ತೆತ್ತು ಕೊಂಡವನ ಗತಿಯೇನು? ಐದನೆಯ ಶತಮಾನದ್ದೆಂದು ಹೇಳಿಕೊಳ್ಳುವ ಪಟವು ಲಿಪಿಯಿಂದ ಹತ್ತನೆಯ ಶತಮಾನದ್ದೆಂದು ಕಂಡುಬಂದರೆ ಅದು ದಾನಪತ್ರವಾಗಿ ಸುಳ್ಳು, ಹಳೆಯ ವಸ್ತುವಾಗಿ ನಿಜ. ಅದನ್ನು ಯಾರೋ ಈಚೆಗೆ ಕೊರೆದು, ಹುಳಿಯಲ್ಲಿ ನೆನೆಯಿಟ್ಟು ಕಿಲುಬು ಬರಿಸಿದ್ದರೆ ಎರಡು ವಿಧದಲ್ಲಿಯೂ ಸುಳ್ಳು. ವಿದ್ವಾಂಸನು ಎರಡನ್ನೂ ಕೂಟವೆಂದೇ ಕರೆದಾನು. ನ್ಯಾಯಸ್ಥಾನವಾದರೋ ಮೊದಲು ಕೇಳುವುದು, ಮಾರಿದವನು ಅದನ್ನು ಏನೆಂದು ಹೇಳಿ ಮಾರಿದನೆಂಬುದನ್ನು.

1972ರ ಪ್ರಾಚೀನವಸ್ತುಗಳ ಕಾಯಿದೆಯು ಈ ಪ್ರಶ್ನೆಗೆ ಉತ್ತರ ಕೊಡುವುದೆಂದು ಕೆಲವರು ಭಾವಿಸುವುದುಂಟು. ಅದು ಸರಿಯಲ್ಲ. ಆ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ನೂರು ವರ್ಷ ಕಳೆದ ವಸ್ತುವೂ, ಶಾಸ್ತ್ರ ಸಾಹಿತ್ಯ ಚರಿತ್ರೆಗಳ ದೃಷ್ಟಿಯಿಂದ ಬೆಲೆಯುಳ್ಳ ಹಸ್ತಪ್ರತಿಯಾದರೆ ಎಪ್ಪತ್ತೈದು ವರ್ಷ ಕಳೆದುದೂ ಪ್ರಾಚೀನವಸ್ತುವೆನಿಸುವುದು. ಸಂಶಯ ಬಂದಲ್ಲಿ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರ, ಇಲ್ಲವೆ ಅವರಿಂದ ಅಧಿಕಾರ ಪಡೆದ ಅಧಿಕಾರಿಯ, ತೀರ್ಮಾನವೇ ಕೊನೆಯದು. ಆದರೆ ಆ ತೀರ್ಮಾನ ಆ ಕಾಯಿದೆಯ ಉದ್ದೇಶಕ್ಕೆ ಮಾತ್ರ. ಮೇಲೆ ಹೇಳಿದ ಹತ್ತನೆಯ ಶತಮಾನದ ಪಟವು ಅಲ್ಲಿ ನಿಸ್ಸಂದೇಹವಾಗಿ ಪ್ರಾಚೀನವಸ್ತು. ಗಂಗರಾಜನ ದಾನವೆಂದು ನಂಬಿ ಕೊಂಡವನಿಗೆ ಅದರಿಂದ ಬಂದ ಸಮಾಧಾನವೇನೂ ಇಲ್ಲ.

ಅವನಿಗೆ ಆಧಾರವಾಗತಕ್ಕುದು 1930ರ ಸರಕುಗಳ ವಿಕ್ರಯದ ಕಾಯಿದೆ. ವಿವರಣೆ ಕೊಟ್ಟು ಮಾರಿದ ಸರಕು ಆ ವಿವರಣೆಗೆ ಒಪ್ಪಿರಬೇಕೆಂಬುದು ಅದರ 15ನೆಯ ಕಲಮಿನ ಪ್ರಕಾರ ಕರಾರಿನೊಳಗೇ ಅಡಗಿರುವ ಷರತ್ತು. ಷರತ್ತು ಮುರಿದರೆ ವಸ್ತುವನ್ನು ಹಿಂದಿರುಗಿಸಿ ಹಣ ಕೇಳಬಹುದು. ಆದರೆ ಮಾರುವವನ ಬಾಯಿಂದ ಬಂದ ಹೆಸರೆಲ್ಲವೂ ವಿವರಣೆಯಾಗದು. ಕಾಯಿದೆಯ ಮೂಲವು ಇಂಗ್ಲೆಂಡಿನದಾದುದರಿಂದ ಅಲ್ಲಿಯ ಒಂದು ತೀರ್ಪನ್ನು ನೋಡಬಹುದು. ಲಂಡನ್ನಿನ ಚಿತ್ರವ್ಯಾಪಾರಿಯೊಬ್ಬನು 1984ರಲ್ಲಿ ಗೇಬ್ರಿಯೆಲೆ ಮ್ಯುಂಟರ್ ಎಂಬ ಜರ್ಮನ್ ಕಲಾವಿದೆಯದೆಂಬ ಚಿತ್ರವನ್ನು 6,000 ಪೌಂಡಿಗೆ ಮಾರಿದನು. ತನಗೆ ಆ ಸಂಪ್ರದಾಯದ ಪರಿಚಯವಿಲ್ಲವೆಂದು ಅವನು ಮೊದಲೇ ಹೇಳಿದ್ದನು. ಕೊಂಡವರಾದರೋ ಜರ್ಮನ್ ಚಿತ್ರಗಳಲ್ಲಿಯೇ ವ್ಯವಹರಿಸುವವರು, ಬಂದು ನೋಡಿ ಕೊಂಡವರು. ಚಿತ್ರವು ಕೂಟವೆಂದು ತಿಳಿಯಿತು. ಬಿಲ್ಲಿನಲ್ಲಿ ಕಲಾವಿದೆಯ ಹೆಸರಿದ್ದರೂ ಕೊಂಡವರು ತಮ್ಮ ವಿವೇಚನೆಯನ್ನೇ ನಂಬಿದರಲ್ಲದೆ ಮಾರಿದವನ ಮಾತನ್ನಲ್ಲವೆಂದು ಅಪೀಲು ನ್ಯಾಯಸ್ಥಾನವು 1989ರಲ್ಲಿ ಹೇಳಿ ಅವರ ದಾವೆಯನ್ನು ಒಪ್ಪಲಿಲ್ಲ. ಮೂವರು ನ್ಯಾಯಾಧೀಶರಲ್ಲಿ ಒಬ್ಬರು ಭಿನ್ನಮತದವರು. ನಮಗೆ ಅವರ ಪಕ್ಷವೇ ಹೆಚ್ಚು ಹಿಡಿಸುವುದು, ಏಕೆಂದರೆ ಹೆಸರಿಲ್ಲದಿದ್ದರೆ ಆ ಬೆಲೆಯೇ ಇರುತ್ತಿರಲಿಲ್ಲ. ಹೇಗೂ, ವಿದ್ವಾಂಸನಾಗಿರುವುದು ಕೊಳ್ಳುವವನಿಗೆ ಕೆಲವೊಮ್ಮೆ ತೊಡಕಾಗುವುದೆಂಬುದು ಇದರಿಂದ ಸ್ಪಷ್ಟ.

ನಮ್ಮ 1872ರ ಕರಾರು ಕಾಯಿದೆಯಲ್ಲಿಯೂ ಇದೇ ತೊಡಕು ಬೇರೆ ರೂಪದಲ್ಲಿದೆ. ಮಾರುವವನು ಸುಳ್ಳೆಂದು ತಿಳಿದೇ ಹೇಳಿದ್ದರೆ ಅದು ಮೋಸ; ನಿಜವೆಂದು ನಂಬಿದ್ದರೂ ತನಗಿರುವ ತಿಳಿವಳಿಕೆಯು ಸಮರ್ಥಿಸದಂಥ ಮಾತನ್ನು ಖಂಡಿತವಾಗಿ ಆಡಿದ್ದರೆ ಅದು ತಪ್ಪು ನಿರೂಪಣೆ. ಎರಡರಲ್ಲಿಯೂ ಕೊಂಡವನು ಕರಾರನ್ನು ರದ್ದುಮಾಡಬಹುದು. ಆದರೆ ತಪ್ಪು ನಿರೂಪಣೆಯಲ್ಲಿ, ಹಾಗೆಯೇ ಮೌನದಿಂದಾದ ಮೋಸದಲ್ಲಿ, ಸಾಮಾನ್ಯ ಎಚ್ಚರದಿಂದ ಸತ್ಯವನ್ನು ಅರಿಯುವ ಸಾಧನವು ಕೊಂಡವನಿಗಿದ್ದರೆ ರದ್ದತಿಯಿಲ್ಲವೆಂದು 19ನೆಯ ಕಲಮು ಹೇಳುವುದು. ಹಳಗನ್ನಡ ಲಿಪಿಯನ್ನು ದಿನವೂ ಓದುವ ಪಂಡಿತನು ಅಕ್ಷರದ ವಾಟವನ್ನು ಕಾಣಲಿಲ್ಲವೆಂದರೆ ನ್ಯಾಯಾಧೀಶರು ಹುಬ್ಬೇರಿಸಿಯಾರು. ಸುಳ್ಳೆಂದು ತಿಳಿದೂ ಬಾಯಿಬಿಟ್ಟು ನುಡಿದವನಿಗೆ ಮಾತ್ರ ಈ ಆಶ್ರಯವಿಲ್ಲ. ಇನ್ನು ಇಬ್ಬರೂ ಒಂದೇ ಭ್ರಮೆಯಲ್ಲಿದ್ದರೆ 20ನೆಯ ಕಲಮನ್ನು ಹಿಡಿಯಬಹುದೆಂದು ತೋರೀತು. ಭ್ರಮೆಯು ಬೆಲೆಯನ್ನು ಕುರಿತುದಷ್ಟೇ ಆದರೆ ಅದು ನಿಲ್ಲದೆಂದು ಆ ಕಲಮಿನ ವಿವರಣೆಯೇ ಹೇಳಿದೆ.

ಎಲ್ಲಕ್ಕಿಂತ ಕಠಿಣವಾದುದು ಕಾಲ. ಲೀಫ್ ಎಂಬವರು 1944ರಲ್ಲಿ ಸಾಲ್ಸ್‌ಬರಿ ದೇವಾಲಯದ ಚಿತ್ರವೊಂದನ್ನು ಕಾನ್‌ಸ್ಟಬಲ್ ಬರೆದುದೆಂಬ ಮಾತಿನ ಮೇಲೆ 85 ಪೌಂಡಿಗೆ ಕೊಂಡರು. ಐದು ವರ್ಷಗಳ ಬಳಿಕ ಮಾರಹೊರಟಾಗ ಅದು ಅವನ ಕೃತಿಯಲ್ಲವೆಂದು ತಿಳಿಯಿತು. ಮಾರಿದವರಲ್ಲಿ ಮೋಸವಿರಲಿಲ್ಲ. ಲೀಫರು ಹಣ ಹಿಂದಕ್ಕೆ ಬೇಕೆಂದರಲ್ಲದೆ ನಷ್ಟಪರಿಹಾರವನ್ನು ಸಕಾಲದಲ್ಲಿ ಕೇಳಲಿಲ್ಲ. ಐದು ವರ್ಷ ಇಟ್ಟುಕೊಂಡ ವಸ್ತುವನ್ನು ಸ್ವೀಕರಿಸಿದಂತೆಯೇ ಸರಿ, ಹಿಂದಿರುಗಿಸುವ ಹಕ್ಕು ಕಳೆಯಿತೆಂದು 1950ರಲ್ಲಿ ತೀರ್ಪಾಯಿತು. ದಾವೆಯಲ್ಲಿ ಬೇರೊಂದು ಮಾತನ್ನು ಬರೆದಿದ್ದರೆ ಏನಾದರೂ ದೊರೆಯಬಹುದಾಗಿತ್ತು.

ಈ ಕಾಲನಿಯಮವು ನಮ್ಮವರಿಗೆ ಹೊಸತಲ್ಲ. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಕ್ರೀತಾನುಶಯವೆಂಬುದು ಒಂದು ವಿವಾದಪದ. ಅಲ್ಲಿ ಪರೀಕ್ಷೆಗೆ ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು, ಹೊರೆಹೊರುವ ಪ್ರಾಣಿಗೆ ಐದು, ರತ್ನಕ್ಕೆ ಏಳು ಎಂದು ವಿಧಿಸಿದೆ. ಇದಕ್ಕೆ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನು. ವಸ್ತುವಿನ ದೋಷವು ಹೊರಬೀಳಲು ಎಷ್ಟು ಹೊತ್ತು ಬೇಕೋ ಅಷ್ಟು ಅವಧಿ ಎಂಬ ತತ್ತ್ವವು ಇಲ್ಲಿರುವಂತೆ ತೋರುವುದು. ಆ ಲೆಕ್ಕದಿಂದ ತಾಳೆಯೋಲೆಯ ಗ್ರಂಥಕ್ಕೆ ಎಷ್ಟು ದಿನ ಕೊಡಬೇಕಾಗಿತ್ತೋ!

ಇಂದಿನ ನಮ್ಮ ಕಾಯಿದೆಯು ವಸ್ತುವಿನ ಜಾತಿಯನ್ನು ನೋಡದೆ, ಹಿಂದಿರುಗಿಸಲು ಯುಕ್ತವಾದಷ್ಟು ಕಾಲವೆಂದು ಮಾತ್ರ ಹೇಳುವುದು. ಅದು ಮೀರಿದರೆ ವಸ್ತುವನ್ನು ಇಟ್ಟುಕೊಂಡು ನಷ್ಟವನ್ನು ಕೇಳಬೇಕು. ಅದಕ್ಕೆ 1963ರ ಕಾಲಮಿತಿ ಕಾಯಿದೆಯು ಕರಾರು ಮುರಿದಂದಿನಿಂದ ಮೂರು ವರ್ಷ ಕೊಡುವುದು, ಕೂಟವೆಂದು ತಿಳಿದಂದಿನಿಂದಲ್ಲ. ಮೋಸವಿದ್ದಲ್ಲಿ ಮಾತ್ರ ಅದು ಬಯಲಾದ ದಿನದಿಂದ, ಅಥವಾ ತಕ್ಕ ಎಚ್ಚರವಿದ್ದರೆ ಬಯಲಾಗಬಹುದಾಗಿದ್ದ ದಿನದಿಂದ, ಎಣಿಕೆ. ಮರುಮಾರಾಟಕ್ಕಲ್ಲದೆ ಸ್ವಂತಕ್ಕೆ ಕೊಂಡವನು 2019ರ ಗ್ರಾಹಕ ಸಂರಕ್ಷಣೆಯ ಕಾಯಿದೆಯಂತೆ ಎರಡು ವರ್ಷದೊಳಗೆ ಆಯೋಗದ ಮುಂದೆ ಹೋಗಬಹುದು. ಯಾವ ದಾರಿ ಹಿಡಿದರೂ ಕೈಯಲ್ಲಿರಬೇಕಾದುದು ಮಾರಿದವನ ರುಜುವುಳ್ಳ ಒಂದು ಚೀಟಿ. ಅದರಲ್ಲಿ “ಹಳೆಯ ತಾಮ್ರಪಟ ಒಂದು” ಎಂದಿರಬಾರದು. ಯಾವ ಅರಸನದು, ಯಾವ ಶತಮಾನದ್ದು, ಮಾರಿದವನು ಅದಕ್ಕೆ ಹೊಣೆಯೆಂಬುದು ಇಷ್ಟೂ ಇರಬೇಕು. ಅದನ್ನು ಬರೆಸಿಕೊಳ್ಳಬೇಕಾದುದು ಹಣ ಎಣಿಸುವುದಕ್ಕೆ ಮುಂಚೆ. ಮ್ಯುಂಟರ್ ಚಿತ್ರದ ಬಿಲ್ಲಿನಲ್ಲಿ ಹೆಸರು ಬಂದುದು ವ್ಯವಹಾರ ಮುಗಿದ ಮೇಲೆ.