ದೊಡ್ಡಮ್ಮನ ಕೌದಿಯ ಓರೆ ಸಾಲುಗಳು

ಆಟಿಯ ಮಳೆ ಮುಗಿದು ಸೋಣದ ಮೊದಲ ಬಿಸಿಲು ಬಿದ್ದ ದಿನ ನಮ್ಮ ಮನೆಯ ಅಂಗಳದಲ್ಲಿ ಒಂದು ಕೌದಿಯ ವಿಷಯವಾಗಿ ವ್ಯಾಜ್ಯ ಹುಟ್ಟಿತು. ಕೌದಿಯೆಂದರೆ ನಮ್ಮ ಓದುಗರಲ್ಲಿ ಕೆಲವರಿಗೆ ಗುರುತು ಹತ್ತಲಿಕ್ಕಿಲ್ಲ. ಹಳೆಯ ಹತ್ತಿ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡುಗಳನ್ನಿಟ್ಟು, ಈ ತುದಿಯಿಂದ ಆ ತುದಿಯವರೆಗೆ ಕೈಯಲ್ಲೇ ನೂಲು ಓಡಿಸಿ ಮಾಡುವ ಹೊದಿಕೆ ಅದು. ಧಾರವಾಡ, ವಿಜಯಪುರದ ಕಡೆ ಕೌದಿ ಎಂದರೆ ಮರಾಠಿ ಮನೆಗಳಲ್ಲಿ ಗೋಧಡಿ. ನಮ್ಮ ನೆರೆಮನೆಯ ಉಮ್ಮನಿಗೆ ಎಲ್ಲವೂ ಪುದಪ್ಪೇ. ದೊಡ್ಡಪ್ಪನ ಕೆಲಸದ ನಿಮಿತ್ತ ಹನ್ನೆರಡು ವರ್ಷ ಹುಬ್ಬಳ್ಳಿಯಲ್ಲಿದ್ದ ನಮ್ಮ ದೊಡ್ಡಮ್ಮ ಆ ವಿದ್ಯೆಯನ್ನೂ ಹೆಸರನ್ನೂ ಅಲ್ಲಿಂದಲೇ ತಂದವರು.

ಈ ಕೌದಿ ನಮ್ಮ ತಂಗಿಯ ಮಗಳ ಮಗುವಿಗೆಂದು ಹೊಲಿದದ್ದು. ಘಟ್ಟದ ಮೇಲಿನವರ ಹಾಗೆ ದಪ್ಪ ಕೌದಿ ನಮ್ಮಲ್ಲಿ ನಡೆಯುವುದಿಲ್ಲ. ಇಲ್ಲಿಯ ಮಳೆಗಾಲದಲ್ಲಿ ಅದು ಒಣಗುವುದೂ ಇಲ್ಲ, ಒಂದು ವಾರದೊಳಗೆ ಬೂಷ್ಟು ಬಾರದೆ ಬಿಡುವುದೂ ಇಲ್ಲ. ಆದ್ದರಿಂದ ಮೂರೇ ಪದರ. ಅದರಲ್ಲಿ ಎರಡು, ದೊಡ್ಡಮ್ಮ ಉಟ್ಟು ಉಟ್ಟು ಬೆಣ್ಣೆಯ ಹಾಗಾದ ಕಾಸರಗೋಡು ಕೈಮಗ್ಗದ ಸೀರೆಗಳು. ಮೇಲಿನ ತುಂಡುಗಳಿಗೆ ಮಾತ್ರ ಸ್ವಲ್ಪ ಹೊಸ ಬಟ್ಟೆ. ಹೊಸತನ್ನು ಒಗೆಯದೆ ಸೇರಿಸಿದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಸುತ್ತಲಿನ ಹಳೆಯ ಬಟ್ಟೆಯನ್ನು ಎಳೆದು ನೆರಿಗೆ ಬೀಳಿಸುತ್ತದೆ, ಕೆಂಪಾದರೆ ಬಣ್ಣವನ್ನೂ ಬಿಡುತ್ತದೆ. ಅದೆಲ್ಲ ದೊಡ್ಡಮ್ಮನಿಗೆ ಗೊತ್ತು. ಎರಡೆರಡು ಸಲ ನೆನೆಸಿ ಒಣಗಿಸಿಯೇ ಕತ್ತರಿ ಹಾಕಿದ್ದರು.

ಗೊತ್ತಿಲ್ಲದೆ ಹೋದದ್ದು ಕಣ್ಣಿನ ವಿಷಯ. ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಅವರು ಬೆರಳಿನಿಂದ ತಡವಿ ತಡವಿ ಹೊಲಿದರು. ಒಂದು ಅಂಚಿನಿಂದ ನಡುವಿನವರೆಗೆ ಸಾಲುಗಳು ಕಾಪಿ ಪುಸ್ತಕದ ಗೆರೆಗಳ ಹಾಗಿವೆ, ಸಾಲಿನಿಂದ ಸಾಲಿಗೆ ಒಂದೇ ಬೆರಳ ಅಂತರ. ನಡು ದಾಟಿದ ಮೇಲೆ ಮೆಲ್ಲನೆ ಓರೆಯಾಗಿ, ಕೊನೆಗೆ ಎರಡು ಸಾಲುಗಳು ಒಂದರ ಮೇಲೊಂದು ಹತ್ತಿಕೊಂಡಿವೆ. ಪಕ್ಕದಲ್ಲಿ ಮೂರು ಬೆರಳಿನಷ್ಟು ಜಾಗ ಖಾಲಿ. ನಾವು ಎಲ್ಲರೂ ನೋಡಿದೆವು. ಎಲ್ಲರೂ "ಚೆನ್ನಾಗಿದೆ ದೊಡ್ಡಮ್ಮ" ಎಂದೆವು.

ಆ ಮೇಲೆ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಬಿಸಿಲಿಗೆ ಹರಗಿದ ಕೌದಿಯನ್ನು ಮಗುಚಿ ಹಾಕಲು ಅಂಗಳಕ್ಕಿಳಿದವರು ಹಾಗೆಯೇ ನಿಂತರು.

"ಇದು ನಾನು ಹೊಲಿದದ್ದಾ?" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನೀವೆಲ್ಲ ಇದ್ದೀರಲ್ಲ, ಒಬ್ಬರಾದರೂ ನನಗೆ ಯಾಕೆ ಹೇಳಲಿಲ್ಲ?"

ಉತ್ತರ ಕೊಡಲು ಯಾರಿಗೂ ಬಾಯಿ ಬರಲಿಲ್ಲ. ಅವರು ಒಳಗೆ ಹೋಗಿ ಕತ್ತರಿ ತಂದರು. ಹೆರಿಗೆಗೆ ಬಂದಿದ್ದ ತಂಗಿಯ ಮಗಳು ಅಡ್ಡ ಬಂದಳು. "ಬೇಡ ಅಜ್ಜಿ, ನನಗೆ ಹೀಗೆಯೇ ಬೇಕು. ಕಣ್ಣು ಕಾಣದೆ ನೀವು ನನಗೋಸ್ಕರ ಹೊಲಿದದ್ದು ಇದರಲ್ಲಿದೆ."

"ನಿನಗೆ ಬೇಕು, ಸರಿ. ಹೊಲಿದ ಕೈ ನನ್ನದಲ್ಲವಾ? ನಾಳೆ ಮಗು ನೋಡಲು ಬಂದವರು ಯಾರು ಹೊಲಿದದ್ದು ಎಂದು ಕೇಳಿದರೆ ನನ್ನ ಹೆಸರೇ ಹೇಳುತ್ತಿ."

ನಾವು ಮೊದಲು ಹುಡುಗಿಯ ಪಕ್ಷವನ್ನೇ ವಹಿಸಿದೆವೆಂದು ಒಪ್ಪಿಕೊಳ್ಳಬೇಕು. ಓದಿದ ತಲೆಯಲ್ಲಿ ದೃಷ್ಟಾಂತಗಳಿಗೇನು ಬರ? ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಎಂಬ ಊರು. ಅಲ್ಲಿಯ ಕರಿಯ ಹೆಂಗಸರು ಹೊಲದ ಕೆಲಸದ ಹಳೆಯ ಬಟ್ಟೆಗಳಿಂದ ಹೊಲಿದ ಹೊದಿಕೆಗಳಲ್ಲಿ ಅಡ್ಡ ಪಟ್ಟಿಯೂ ನೇರವಿಲ್ಲ, ಮೂಲೆಯೂ ಚೌಕವಿಲ್ಲ. 2002ರಲ್ಲಿ ಅವುಗಳನ್ನು ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದ ಗೋಡೆಗೆ ತೂಗುಹಾಕಿದರು. 2006ರಲ್ಲಿ ಅಲ್ಲಿಯ ಸರಕಾರ ಅಂಚೆಚೀಟಿಯನ್ನೇ ತಂದಿತು. ಇದನ್ನು ದೊಡ್ಡಮ್ಮನಿಗೆ ವರ್ಣಿಸಿದೆವು. "ಅವರು ಕಣ್ಣು ಕಂಡು ಹಾಗೆ ಹೊಲಿದದ್ದು" ಎಂದರು. ಆ ಮಾತಿನೆದುರು ನಮ್ಮ ಸಂಗ್ರಹಾಲಯ ನಿಲ್ಲಲಿಲ್ಲ.

ಇನ್ನೊಂದು ಕಥೆಯೂ ಇದೆ. ಅದೇ ದೇಶದ ಅಮಿಶ್ ಪಂಗಡದ ಹೆಂಗಸರು, ಪರಿಪೂರ್ಣತೆ ದೇವರೊಬ್ಬನದೆಂದು ಹೊದಿಕೆಯಲ್ಲಿ ಬೇಕೆಂದೇ ಒಂದು ತಪ್ಪು ಬಿಡುತ್ತಾರಂತೆ. ಹೊದಿಕೆಗಳ ಚರಿತ್ರೆಯನ್ನು ಶೋಧಿಸಿದವರಿಗೆ ಇದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಸಿಗದಿದ್ದದ್ದೇ ಒಳ್ಳೆಯದು. ಬೇಕೆಂದು ತಪ್ಪು ಮಾಡುವಷ್ಟು ಬಿಡುವು ಕೈಯಿಂದ ಹೊಲಿಯುವವರಿಗೆ ಎಲ್ಲಿಯದು? ಅದು ಕರೆಯದೆಯೇ ಬರುತ್ತದೆ.

ಹತ್ತಿರದ ಉದಾಹರಣೆ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರದು. ಅವರ ಕವಂದಿಯ ಹೊಲಿಗೆ ಅಂಚಿನಿಂದ ತೊಡಗಿ ಸುತ್ತು ಸುತ್ತಾಗಿ ನಡುವಿಗೆ ಬಂದು ಮುಗಿಯುತ್ತದೆ. ಮೂಲೆಗಳಲ್ಲಿ ಬಟ್ಟೆ ಮಡಚಿ ಹೂವು ಇಡುತ್ತಾರೆ. ಆ ಹೂವಿಲ್ಲದಿದ್ದರೆ ಕವಂದಿ ಮುಗಿದಂತಲ್ಲ. ಅಂದರೆ ಯಾವುದು ಕೊರತೆ ಎಂಬುದನ್ನು ಆಯಾ ಊರಿನ ಕೈಗಳೇ ನಿಶ್ಚಯಿಸುತ್ತವೆ. ದೊಡ್ಡಮ್ಮ ಕಲಿತ ಓಣಿಯಲ್ಲಿ ಸಾಲು ನೇರವಿರಬೇಕಿತ್ತು. ಅವರು ತಮ್ಮನ್ನು ಅಳೆದುಕೊಂಡದ್ದು ಆ ಓಣಿಯ ಕೋಲಿನಿಂದಲೇ. ಬೇರೆಯವರ ಶ್ರಮದಲ್ಲಿರುವ ಓರೆಯನ್ನು ಸುಂದರ ಎನ್ನುವುದು ನಮ್ಮಂಥವರಿಗೆ ಎಷ್ಟು ಸುಲಭ ಎಂದು ಆಗ ಸ್ವಲ್ಪ ನಾಚಿಕೆಯೂ ಆಯಿತು.

ಕಗ್ಗಂಟನ್ನು ಸಡಿಲಿಸಿದವರು ನೆರೆಮನೆಯ ಉಮ್ಮ. ಅವರ ಮಲಯಾಳಕ್ಕೂ ದೊಡ್ಡಮ್ಮನ ಕನ್ನಡಕ್ಕೂ ನಲುವತ್ತು ವರ್ಷಗಳ ಒಡನಾಟ. ಯಾರು ಯಾವ ಭಾಷೆಯಲ್ಲಿ ಕೇಳಿದರು, ಯಾರು ಯಾವುದರಲ್ಲಿ ಹೇಳಿದರು ಎಂಬುದು ಅವರಿಗೇ ತಿಳಿಯುವುದಿಲ್ಲ. ಉಮ್ಮ ಮೊದಲು ಮಾಡಿದ್ದು ಕೌದಿಯನ್ನು ಕವುಚಿ ಹಾಕಿದ್ದು. ನಾವೆಲ್ಲ ಮುಂಭಾಗವನ್ನು ನೋಡಿ ಜಗಳಾಡುತ್ತಿದ್ದೆವಷ್ಟೆ. ಹಿಂಭಾಗದ ಒಂದೊಂದು ಹೊಲಿಗೆಯ ಕೆಳಗೂ ಕಿರುಬೆರಳ ತುದಿಯನ್ನು ತೂರಿಸಿ ನೋಡುತ್ತ ಹೋದರು. ಬೆರಳು ಒಳಗೆ ಹೋದಲ್ಲಿ ಹಸುಗೂಸಿನ ಕಾಲ್ಬೆರಳು ಖಂಡಿತ ಹೋಗುತ್ತದೆ, ನೂಲು ಸುತ್ತಿಕೊಂಡರೆ ಅಪಾಯ. ಅಂಥವು ಏಳೆಂಟು ಸಿಕ್ಕಿದುವು. ಪದರಗಳ ಒಳಗೆ ಅಡಗಬೇಕಾದ ಗಂಟು ಹೊರಗೇ ಉಳಿದದ್ದು ಎರಡು ಕಡೆ. ಒಂದು ಅಂಚು ಗೇಣುದ್ದ ಬಾಯಿಬಿಟ್ಟಿತ್ತು. ಸೋಜಿಗವೆಂದರೆ ಸಡಿಲ ಹೊಲಿಗೆಗಳಲ್ಲಿ ಮೂರು ನೇರವಾದ ಸಾಲುಗಳಲ್ಲೇ ಇದ್ದುವು. ಓರೆಯಾಗಿ ಹತ್ತಿಕೊಂಡ ಆ ಎರಡು ಸಾಲುಗಳು ಕಬ್ಬಿಣದ ಹಾಗೆ ಗಟ್ಟಿ.

ಇವಿಷ್ಟನ್ನು ಸರಿಪಡಿಸುವುದರ ಬಗ್ಗೆ ಯಾರದೂ ತಕರಾರಿರಲಿಲ್ಲ. ದೊಡ್ಡಮ್ಮ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದರು. ಆದರೆ ಕತ್ತರಿಯನ್ನು ಕೆಳಗಿಡಲಿಲ್ಲ. ಓರೆ ಸಾಲಿನ ತುದಿಯ ಗಂಟನ್ನು ಕತ್ತರಿಸಿ ಬಿಚ್ಚತೊಡಗಿದರು. ಹುಡುಗಿ ಮುಖ ತಿರುಗಿಸಿ ಒಳಗೆ ಹೋದಳು.

ಹೊಸ ಬಟ್ಟೆಯಾದರೆ ಹೊಲಿಗೆ ಬಿಚ್ಚಿ ನೀರು ಚಿಮುಕಿಸಿ ಉಜ್ಜಿದರೆ ಸೂಜಿಯ ತೂತುಗಳು ಸಾಧಾರಣ ಮುಚ್ಚುತ್ತವೆ. ಸವೆದ ಸೀರೆಯ ಎಳೆಗಳಿಗೆ ಮತ್ತೆ ಕೂಡಿಕೊಳ್ಳುವ ಕಸುವಿಲ್ಲ. ಸಾಲು ಹೊಲಿದ ತೂತುಗಳು ಅಂಚೆಚೀಟಿಯ ಹಾಳೆಯ ತೂತುಗಳ ಹಾಗೆ ಉಳಿದು, ಎಳೆದರೆ ಅದೇ ಗೆರೆಯಲ್ಲಿ ಹರಿಯುತ್ತದೆ. ಹಾಗೆಯೇ ಆಯಿತು. ಒಂದು ಗೇಣು ಬಿಚ್ಚುವಷ್ಟರಲ್ಲಿ ಹಿಂಬದಿಯ ಸೀರೆ, ಅವರ ಮದುವೆಯ ವರ್ಷದ್ದಂತೆ, ನಾಲ್ಕು ಬೆರಳು ಹರಿಯಿತು.

ದೊಡ್ಡಮ್ಮ ಬಹಳ ಹೊತ್ತು ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಮತ್ತೆ ಅದೇ ಸೀರೆಯ ಉಳಿದ ಸೆರಗಿನಿಂದ ಒಂದು ತುಂಡು ಕತ್ತರಿಸಿ, ಅಂಚು ಮಡಚಿ, ಹರಕಿಗೆ ತೇಪೆ ಹಾಕಿದರು. ಹಳೆಯ ಹತ್ತಿಗೆ ಹತ್ತಿಯ ನೂಲೇ ಬೇಕೆಂದು ಪೇಟೆಗೆ ನಮ್ಮನ್ನು ಎರಡು ಸಲ ಓಡಿಸಿದರು. ಬಿಚ್ಚಿದ ಗೇಣನ್ನು ನೇರವಾಗಿ ಹೊಲಿದು, ಇನ್ನೂ ಬಿಚ್ಚದ ಓರೆ ಸಾಲಿಗೆ ತಂದು ಕೂಡಿಸಿ ಗಂಟು ಹಾಕಿದರು. "ಇನ್ನು ಮುಟ್ಟುವುದಿಲ್ಲ" ಎಂದರು. ಹುಡುಗಿ ಕೇಳಲೆಂದು ಹೇಳಿದ್ದಲ್ಲ. ಆದರೂ ಒಳಗಿದ್ದವಳಿಗೆ ಕೇಳಿಸಿತು.

ದೀಪಾವಳಿ ಕಳೆದು ಹೆಣ್ಣು ಮಗು ಹುಟ್ಟಿತು. ಈಗ ಕೌದಿ ಅದರ ತೊಟ್ಟಿಲಿನಲ್ಲಿದೆ. ಮಗು ನೋಡಲು ಯಾರಾದರೂ ಬಂದರೆಂದರೆ ದೊಡ್ಡಮ್ಮ ಅವರಿಗಿಂತ ಮೊದಲು ಒಳಗೆ ಹೋಗಿ ಓರೆ ಸಾಲಿನ ಬದಿಯನ್ನು ಮಡಚಿ ಕೆಳಗೆ ಸೇರಿಸುತ್ತಾರೆ. ಅವರು ಕಾಫಿ ಮಾಡಲು ಅಡುಗೆಮನೆಗೆ ಹೋದೊಡನೆ ಹುಡುಗಿ ಅದನ್ನು ಬಿಡಿಸಿ ಹರವುತ್ತಾಳೆ.