‘ತಪ್ಪು’ ಮತ್ತು ‘ಹಿಂತೆಗೆ’: ನಿರ್ಣಯದ ಬದಲಾವಣೆಯನ್ನು ಸೂಚಿಸುವ ಕೆಲವು ಶಬ್ದಗಳು

ಒಮ್ಮೆ ಕೈಗೊಂಡ ನಿರ್ಣಯದಿಂದ ಹಿಂದೆ ಸರಿಯುವುದನ್ನು ಹೇಳುವ ಕನ್ನಡ ಧಾತುಗಳಲ್ಲಿ ‘ತಪ್ಪು’ ಎಂಬುದು ಹಳೆಯದು, ಪ್ರಬಲವಾದುದು. ಹಂಪಸಾಗರ, ಹಡಗಲಿ, ಕೂಡ್ಲಿಗಿಗಳ ಸೀಮೆಯನ್ನಾಳಿದ ವಿಜಯನಗರದ ಅರಸರಿಗೆ ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂಬ ಬಿರುದಿದ್ದಿತು. ಇಲ್ಲಿ ‘ಭಾಷೆ’ ಎಂದರೆ ನುಡಿಯಲ್ಲ, ಕೊಟ್ಟ ಮಾತು. ‘ಗಂಡ’ನೆಂದರೆ ಅಂಥ ಮಾತುಗೇಡಿ ಅರಸರನ್ನು ದಂಡಿಸುವ ವೀರ. ಮಾತು ಚತುರ್ಥಿಯಲ್ಲಿದೆಯೆಂಬುದನ್ನು ಗಮನಿಸಬೇಕು: ಗುರಿ ಸ್ಥಿರವಾಗಿ ನಿಂತಿದೆ, ಜಾರಿದವನು ಮನುಷ್ಯ. ಇದೇ ರೂಪವು ನಾಮಪದವಾದಾಗ ‘ದೋಷ’ವೆಂದರ್ಥ. ಆದುದರಿಂದ ‘ಮಾತಿಗೆ ತಪ್ಪಿದನು’ ಎಂದೊಡನೆ, ಕಾರಣವನ್ನು ಕೇಳುವ ಮೊದಲೇ ತೀರ್ಪು ಹೊರಬಿದ್ದಂತಾಯಿತು. ಬುಕ್ಕರಾಯನು 1368ರಲ್ಲಿ ಜೈನರಿಗೂ ವೈಷ್ಣವರಿಗೂ ಮಾಡಿಸಿದ ಒಡಂಬಡಿಕೆಯ ಶ್ರವಣಬೆಳಗೊಳದ ಶಾಸನವು ಕಟ್ಟಳೆಯನ್ನು ಮೀರಿದವನನ್ನು ರಾಜದ್ರೋಹಿಯೆನ್ನುತ್ತದೆ. ಒಡಂಬಟ್ಟವರು ಮುಂದೆ ಮನಸ್ಸು ಬದಲಿಸಬಹುದೆಂಬ ಕಲ್ಪನೆಗೆ ಈ ಪದಾವಳಿಯಲ್ಲಿ ಎಡೆಯಿಲ್ಲ.

ಹಾಗೆಂದು ಹಿಂದಕ್ಕೆ ಬರುವುದೆಲ್ಲ ಕನ್ನಡಿಗನಿಗೆ ನಿಂದ್ಯವೆನ್ನುವಂತಿಲ್ಲ. ಗೋವಿನ ಹಾಡಿನ ಪುಣ್ಯಕೋಟಿಯು ಹುಲಿಯ ಬಳಿಗೆ ಹಿಂದಿರುಗಿದುದರಿಂದಲೇ ಅದರ ಮಾತು ಉಳಿಯಿತು. ಹೆಜ್ಜೆ ಹಿಂದಿರುಗುವುದು ಸತ್ಯಪಾಲನೆ, ಮಾತು ಹಿಂದಿರುಗುವುದು ಸತ್ಯಭಂಗ. ಒಂದೇ ದಿಕ್ಕಿಗೆ ಎರಡು ಬೆಲೆಗಳು.

‘ಹಿಂ’ ಎಂಬುದರಿಂದ ಮೊದಲಾಗುವ ಕ್ರಿಯಾಪದಗಳಲ್ಲಿ ಒಂದು ಜೋಡಿ ಬಹಳ ಸ್ವಾರಸ್ಯವಾಗಿದೆ. ‘ಹಿಂ’, ‘ತೆಗೆ’ ಎಂಬೆರಡು ಪದಗಳು ಆದೇಶಸಂಧಿಯಿಂದ ‘ಹಿಂದೆಗೆ’ ಆಗುತ್ತವೆ. ಸಂಧಿಕಾರ್ಯವಿಲ್ಲದೆ ‘ಹಿಂತೆಗೆ’ ಎಂದೂ ನಿಲ್ಲುತ್ತವೆ. ಮೊದಲನೆಯದು ಅಳುಕುವವನ, ರಣದಿಂದ ಕಾಲ್ತೆಗೆಯುವವನ ಕ್ರಿಯೆ. ಎರಡನೆಯದು ಆಜ್ಞೆ, ಮಸೂದೆ, ದೂರುಗಳಿಗೆ ಸಲ್ಲುವ ಕಚೇರಿಯ ಮಾತು. ‘ಅವನು ಹಿಂದೆಗೆದನು’ ಎಂದರೆ ಮಾತು ವ್ಯಕ್ತಿಯನ್ನು ಕುರಿತದ್ದು. ‘ಆಜ್ಞೆಯನ್ನು ಹಿಂತೆಗೆದನು’ ಎಂದರೆ ಆಜ್ಞೆಯನ್ನು ಕುರಿತದ್ದು. ಒಂದು ವ್ಯಂಜನದ ಅಂತರದಲ್ಲಿ ಹೇಡಿತನವೂ ವಿವೇಕವೂ ಬೇರೆಯಾದುದನ್ನು ವ್ಯಾಕರಣದ ವಿದ್ಯಾರ್ಥಿಗಳು ಅಲಕ್ಷಿಸಲಾಗದು.

ಅರಬ್ಬೀ ಮೂಲದ ‘ರದ್ದು’, ಪಾರಸಿಯ ‘ವಾಪಸು’ ಆಡಳಿತದ ದಾರಿಯಿಂದ ಬಂದವು. ಬೀದಿಯಲ್ಲಿ ‘ಉಲ್ಟಾ ಹೊಡೆದ’, ‘ಪ್ಲೇಟು ಬದಲಿಸಿದ’ ಎನ್ನುತ್ತಾರೆ. ಎರಡನೆಯದು ಗ್ರಾಮಫೋನಿನ ಕಾಣಿಕೆಯಿರಬೇಕು. ನ್ಯಾಯಾಲಯದಲ್ಲಿ ಸಾಕ್ಷಿಯು ‘ತಿರುಗಿಬೀಳುತ್ತಾನೆ’. ಇವುಗಳಲ್ಲಿ ಯಾವುದೂ ಗೌರವದ ಮಾತಲ್ಲ.

ಇಂಥ ಶಬ್ದಗಳ ಒರೆಗಲ್ಲು ಈ ಸೀಮೆಯಲ್ಲಿಯೇ ಉಂಟು. ಬಳ್ಳಾರಿಯು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದಿತು; ಅದು ನಡೆಯಲಿಲ್ಲ. ಇಲ್ಲಿ ‘ತಿರಸ್ಕರಿಸು’ ಸಾಕು, ಏಕೆಂದರೆ ಶಿಫಾರಸು ನಿರ್ಣಯವಲ್ಲ. ಹರಪನಹಳ್ಳಿಯ ಪ್ರಸಂಗ ಹೀಗಲ್ಲ. 1997ರಲ್ಲಿ ಆ ತಾಲ್ಲೂಕನ್ನು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಲಾಯಿತು. ಮುಂದೆ ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿ ಬಂದಾಗ ಅದರ ಸೌಲಭ್ಯ ಬಳ್ಳಾರಿ ಜಿಲ್ಲೆಗೆ ದೊರೆಯಿತು, ಹರಪನಹಳ್ಳಿ ಹೊರಗುಳಿಯಿತು. ಉದ್ಯೋಗ, ಶಿಕ್ಷಣಗಳಲ್ಲಿನ ಮೀಸಲಾತಿಯ ಮಾತಾದುದರಿಂದ ಇದು ಬರಿಯ ಗಡಿಯ ಪ್ರಶ್ನೆಯಾಗಿರಲಿಲ್ಲ. 2018ರಲ್ಲಿ ತಾಲ್ಲೂಕನ್ನು ಮರಳಿ ಬಳ್ಳಾರಿಗೆ ಸೇರಿಸಲು ನಿರ್ಧಾರವಾಯಿತು. 2021ರಲ್ಲಿ ಅದು ವಿಜಯನಗರ ಜಿಲ್ಲೆಗೆ ಸಂದಿತು.

ಇದಕ್ಕೆ ‘ಮರುಸೇರ್ಪಡೆ’ ಎಂಬ ಶಬ್ದವನ್ನು ಬಳಸಬಹುದು. ಆದರೆ ಅದು ಎರಡನೆಯ ಕಾರ್ಯವನ್ನು ಮಾತ್ರ ಹೆಸರಿಸಿ ಮೊದಲನೆಯದನ್ನು ಮರೆಸುತ್ತದೆ. ‘ರದ್ದು’ ಎನ್ನೋಣವೆಂದರೆ, ದಾವಣಗೆರೆಯ ಹೆಸರಿನಲ್ಲಿ ಹುಟ್ಟಿದ ದಾಖಲೆಗಳೇನೂ ಅಸಿಂಧುವಾಗಲಿಲ್ಲ. ‘ನಿರ್ಣಯವನ್ನು ಹಿಂತೆಗೆಯಲಾಯಿತು’ ಎಂಬುದೇ ನಮ್ಮ ಮಟ್ಟಿಗೆ ಪ್ರಾಮಾಣಿಕವಾದ ಪ್ರಯೋಗ: ಮೊದಲು ಒಂದು ನಿರ್ಣಯವಿದ್ದಿತೆಂಬುದನ್ನು ಅದು ಒಪ್ಪಿಕೊಳ್ಳುತ್ತದೆ, ಯಾರನ್ನೂ ‘ತಪ್ಪಿದವ’ರೆನ್ನುವುದಿಲ್ಲ.