ಇನ್ನೊಂದು ಒಬ್ಬಟ್ಟು ಹಾಕ್ಲಾ?

ಹಾಸ್ಟೆಲ್‌ನಿಂದ ಊರಿಗೆ ಹೋದಾಗಲೆಲ್ಲ ಅಮ್ಮನ ಮೊದಲ ಮಾತು ಒಂದೇ: ‘ಎಷ್ಟು ಸೊರಗಿದ್ದೀಯಲ್ಲೋ ಮಗಾ!’ ಮೊದಲ ಸೆಮಿಸ್ಟರ್‌ನಲ್ಲಿ ನಾನು 63 ಕೆ.ಜಿ. ಇದ್ದೆ, ಆಗಲೂ ಇದೇ ಮಾತು. ಕಳೆದ ವರ್ಷ ದಸರಾ ರಜೆಗೆ ಹೋದಾಗ 70 ಇದ್ದೆ, ಆಗಲೂ ಇದೇ ಮಾತು. ದೀಪಾವಳಿ ಮುಗಿಸಿ ವಾಪಸ್ ಬಂದು ಕಾಲೇಜಿನ ಜಿಮ್‌ನ ತೂಕದ ಯಂತ್ರ ಹತ್ತಿದರೆ 72. ಪ್ಯಾಂಟಿನ ಗುಂಡಿಗೆ ಅದು ಮೊದಲೇ ಗೊತ್ತಿತ್ತು.

ನಮ್ಮದು ತಿಪಟೂರು ಸೀಮೆ. ಕೊಬ್ಬರಿಯಿಲ್ಲದೆ ನಮ್ಮಲ್ಲಿ ಹಬ್ಬವೇ ಇಲ್ಲ. ಕರ್ಜಿಕಾಯಿಗೆ ಕೊಬ್ಬರಿ, ಕಾಯಿ ಒಬ್ಬಟ್ಟಿಗೆ ತೆಂಗು, ಚಟ್ನಿಪುಡಿಗೂ ಕೊಬ್ಬರಿ. ಒಣಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಎಣ್ಣೆ. ಒಂದು ಗ್ರಾಂ ಹಿಟ್ಟು–ಸಕ್ಕರೆ ಕೊಡುವುದು 4 ಕ್ಯಾಲೊರಿ, ಒಂದು ಗ್ರಾಂ ಎಣ್ಣೆ–ತುಪ್ಪ ಕೊಡುವುದು 9. ಮೇಲೆ ತುಪ್ಪ ಸುರಿದ ಒಬ್ಬಟ್ಟು ಅಂದಾಜು 250 ಕ್ಯಾಲೊರಿ ಅಂತಿಟ್ಟುಕೊಳ್ಳಿ. ದಿನಕ್ಕೆ ಎರಡು ಹೆಚ್ಚುವರಿ ತಿಂದರೆ 500. ಹದಿನೈದು ದಿನದ ರಜೆಗೆ 7,500. ಒಂದು ಕೆ.ಜಿ. ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಲೆಕ್ಕ ಸರಿಹೋಯಿತಲ್ಲ! ಮಿಕ್ಕ ಒಂದು ಕೆ.ಜಿ. ಉಪ್ಪು, ಸಿಹಿಯ ಜೊತೆ ಮೈ ಹಿಡಿದಿಟ್ಟುಕೊಂಡ ನೀರು ಇರಬಹುದು. ಅದು ವಾರದಲ್ಲಿ ಇಳಿಯುತ್ತದೆ, ಕೊಬ್ಬು ಇಳಿಯುವುದಿಲ್ಲ. ನನ್ನ ತೂಕದವನು ಆ ಎರಡು ಒಬ್ಬಟ್ಟನ್ನು ಕರಗಿಸಲು ಹೆಚ್ಚುಕಡಿಮೆ ಎರಡು ತಾಸು ಬಿರುಸಾಗಿ ನಡೆಯಬೇಕು. ರಜೆಯಲ್ಲಿ ನಾನು ನಡೆದದ್ದು ಮಂಚದಿಂದ ಅಡುಗೆಮನೆಗೆ.

2000ನೇ ಇಸವಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಒಂದು ಅಧ್ಯಯನ ಪ್ರಕಟಿಸಿತ್ತು. ಅಮೆರಿಕದ 195 ವಯಸ್ಕರ ತೂಕವನ್ನು ಅವರ ಹಬ್ಬದ ದಿನಗಳ ಹಿಂದೆಮುಂದೆ ಅಳೆದಿದ್ದರು. ಏರಿದ್ದು ಸರಾಸರಿ 0.37 ಕೆ.ಜಿ. ಮಾತ್ರ. ಇಷ್ಟೇನಾ ಅಂತ ನಾನೂ ನಕ್ಕೆ. ಆದರೆ ಆ ತೂಕ ಮುಂದಿನ ತಿಂಗಳುಗಳಲ್ಲಿ ಇಳಿಯಲೇ ಇಲ್ಲ. ಹೀಗೆ ವರ್ಷ ವರ್ಷ ಸೇರುತ್ತಾ ಹೋದರೆ ಮದುವೆ ಫೋಟೊದಲ್ಲಿದ್ದ ಅಪ್ಪ ಈಗಿನ ಅಪ್ಪ ಆಗುತ್ತಾರೆ.

ಅಪ್ಪನಿಗೆ ಎಂಟು ವರ್ಷದಿಂದ ಶುಗರ್ ಇದೆ. ಮುದ್ದೆ, ಸೊಪ್ಪಿನ ಸಾರು, ಬೆಳಿಗ್ಗೆ ತೋಟದಲ್ಲಿ ಎರಡು ಸುತ್ತು ಅಂತ ಶಿಸ್ತಾಗಿಯೇ ಇರುತ್ತಾರೆ, ನಾನು ಮನೆಗೆ ಬರುವವರೆಗೆ. ‘ಮಗ ಬಂದವ್ನೆ’ ಅಂತ ಅಮ್ಮ ಬಾಣಲೆ ಇಟ್ಟರೆ, ‘ಮಗನ ಜೊತೆ ಒಂದೇ ಒಂದು’ ಅಂತ ಅಪ್ಪ ಕೂರುತ್ತಾರೆ. ಕಳೆದ ದೀಪಾವಳಿಯಲ್ಲಿ ನಾವಿಬ್ಬರೂ ಪೈಪೋಟಿಗೆ ಬಿದ್ದವರ ಹಾಗೆ ಕಜ್ಜಾಯ ತಿಂದೆವು. ಹಬ್ಬದ ಮರುವಾರ ಅಪ್ಪನ ಎಚ್‌ಬಿಎ1ಸಿ ರಿಪೋರ್ಟ್ ಬಂತು. 7.1 ಇದ್ದದ್ದು 8.4.

ಆ ಪರೀಕ್ಷೆ ಒಂದು ದಿನದ ಸಕ್ಕರೆಯನ್ನಲ್ಲ, ಹಿಂದಿನ ಎರಡು–ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ. ವರಮಹಾಲಕ್ಷ್ಮಿಯಿಂದ ದೀಪಾವಳಿವರೆಗೆ ಎಣಿಸಿ ನೋಡಿ, ಹೆಚ್ಚುಕಡಿಮೆ ಅಷ್ಟೇ ಸಮಯ! ಗೌರಿ ಗಣೇಶ, ಪಿತೃಪಕ್ಷ, ದಸರಾ ಎಲ್ಲವೂ ಆ ಒಂದೇ ಸಂಖ್ಯೆಯಲ್ಲಿ ಕೂತಿದ್ದವು. ಡಾಕ್ಟರ್ ‘ಏನಾಯ್ತು?’ ಅಂದರು. ಅಮ್ಮ ‘ಮಗ ಬಂದಿದ್ದ ಸರ್’ ಅಂದಳು. ಪಕ್ಕದಲ್ಲೇ ನಿಂತಿದ್ದೆ. ನೆಲ ಬಿರಿಯಬಾರದಾ ಅನ್ನಿಸಿತು. ಡಾಕ್ಟರ್ ನನ್ನನ್ನೂ ಬಿಡಲಿಲ್ಲ. 170 ಸೆಂ.ಮೀ. ಎತ್ತರಕ್ಕೆ 72 ಕೆ.ಜಿ., ಬಿಎಂಐ 24.9. ನಮ್ಮ ದೇಶದವರಿಗೆ 23 ದಾಟಿದರೇ ಅಧಿಕ ತೂಕ, 25ಕ್ಕೆ ಬೊಜ್ಜು. ಅಪ್ಪನಿಗೆ ಇರುವುದರಿಂದ ನಿನಗೂ ಬರುವ ಸಾಧ್ಯತೆ ಜಾಸ್ತಿ ಅಂದರು.

ಈ ವರ್ಷ ಏನಾದರೂ ಮಾಡೋಣ ಅಂತ ಹೊರಟೆ. ಮೊದಲ ಉಪಾಯ, ಮಧ್ಯಾಹ್ನದ ಹಬ್ಬದೂಟಕ್ಕೆ ಬೆಳಿಗ್ಗೆ ತಿಂಡಿ ಬಿಡುವುದು. ಗಣೇಶನ ಹಬ್ಬದಲ್ಲೇ ತೋಪಾಯಿತು. ಪೂಜೆ ಎರಡು ಗಂಟೆಗೆ ಮುಗಿಯಿತು, ಆ ಹಸಿವಿಗೆ ಆರು ಕಡುಬು ಎಲ್ಲಿ ಹೋದವೋ ತಿಳಿಯಲಿಲ್ಲ. ಹೊಟ್ಟೆ ತುಂಬಿತು ಅಂತ ಮೆದುಳಿಗೆ ಸುದ್ದಿ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕಂತೆ. ನನ್ನ ಊಟ ಹತ್ತು ನಿಮಿಷದ್ದು.

ಎಲೆಗೆ ಕೈ ಅಡ್ಡ ಹಿಡಿಯುವುದೂ ಪ್ರಯೋಜನವಿಲ್ಲ. ನಮ್ಮಜ್ಜಿ ಕೈಮೇಲೇ ಬಡಿಸುತ್ತಾರೆ. ‘ಡಯಟ್’ ಎಂಬ ಪದ ಬಳಸಿದರೆ ಅಮ್ಮನಿಗೆ ಕೋಪ, ತನ್ನ ಅಡುಗೆಗೆ ಹೆಸರಿಟ್ಟ ಹಾಗೆ. ಕೊನೆಗೆ ದಸರೆಗೆ ನಾನೇ ಬಡಿಸಲು ನಿಂತೆ. ಸೌಟು ನನ್ನ ಕೈಗೆ ಬಂತು! ಅಪ್ಪನ ಎಲೆಗೆ ಮೊದಲು ಕೋಸಂಬರಿ, ಹುರುಳಿಕಾಯಿ ಪಲ್ಯ ಧಾರಾಳವಾಗಿ ಹಾಕಿ, ಅದು ಖಾಲಿಯಾಗುವವರೆಗೆ ಒಬ್ಬಟ್ಟಿನ ತಟ್ಟೆ ಆ ಸಾಲಿಗೆ ಒಯ್ಯಲಿಲ್ಲ. ತರಕಾರಿ ಮೊದಲು, ಅನ್ನ ಸಿಹಿ ಆಮೇಲೆ ಆದರೆ ರಕ್ತದಲ್ಲಿ ಸಕ್ಕರೆ ನಿಧಾನವಾಗಿ ಏರುತ್ತದೆ. ಬಾಳೆಎಲೆಯ ಕ್ರಮವೂ ಅದೇ ತಾನೇ? ನಾವು ಕೋಸಂಬರಿಯನ್ನು ಒಂದು ಚಮಚಕ್ಕೆ ಇಳಿಸಿಬಿಟ್ಟಿದ್ದೇವೆ ಅಷ್ಟೆ. ಒಬ್ಬಟ್ಟನ್ನು ಪೂರಿ ಗಾತ್ರಕ್ಕೆ ತಟ್ಟಲು ಅಜ್ಜಿಯನ್ನು ಒಪ್ಪಿಸಲು ಎರಡು ದಿನ ಬೇಕಾಯಿತು. ‘ಇದೇನು ಗೊಂಬೆ ಮದುವೆಯಾ?’ ಅಂತ ಗೊಣಗಿದರು.

ನಿಜವಾದ ಕಳ್ಳ ಎಲೆಯಲ್ಲಿರಲಿಲ್ಲ, ಡಬ್ಬದಲ್ಲಿದ್ದ. ಫೋನ್ ನೋಡುತ್ತಾ ರಾತ್ರಿ ಹನ್ನೊಂದಕ್ಕೆ ತಿಂದ ಚಕ್ಕುಲಿ, ಕೋಡುಬಳೆ ಯಾವ ಲೆಕ್ಕದಲ್ಲೂ ಇರುವುದಿಲ್ಲ. ಆ ಡಬ್ಬವನ್ನು ಅಟ್ಟಕ್ಕೇರಿಸಿ, ಏಣಿಯನ್ನು ಕೊಟ್ಟಿಗೆಗೆ ಹಾಕಿದೆ. ಹೊರಡುವಾಗ ಅಮ್ಮ ಅದನ್ನೇ ನನ್ನ ಬ್ಯಾಗಿಗೆ ತುರುಕಿದಳು. ಹಾಸ್ಟೆಲ್‌ನಲ್ಲಿ ಎಂಟು ಜನ ಅರ್ಧ ಗಂಟೆಯಲ್ಲಿ ಮುಗಿಸಿದರು. ಅವರ ಬಿಎಂಐ ಅವರವರಿಗೆ ಬಿಟ್ಟದ್ದು.

ದೀಪಾವಳಿ ದಿನ ಅಪ್ಪ ಒಂದು ಕಜ್ಜಾಯ ತೆಗೆದುಕೊಂಡು ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದರು. ಇನ್ನೊಂದಕ್ಕೆ ಕೈ ಹೋಗಿತ್ತು, ನನ್ನ ಮುಖ ನೋಡಿ ಹಿಂದೆ ತೆಗೆದುಕೊಂಡರು. ಅವರ ಆಸೆ ನೋಡಿ ನನಗೇ ಪಾಪ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ನನ್ನ ತೂಕ ಸದ್ಯ 71. ಅಪ್ಪನ ರಿಪೋರ್ಟ್ ಶನಿವಾರ ಬರುತ್ತದೆ. ನಿನ್ನೆ ಅಮ್ಮ ಫೋನ್ ಮಾಡಿ, ‘ಸಂಕ್ರಾಂತಿಗೆ ಬರ್ತೀಯಲ್ಲ, ಎಳ್ಳುಬೆಲ್ಲಕ್ಕೆ ಕೊಬ್ಬರಿ ಎಷ್ಟು ಹೆಚ್ಚಿಡಲಿ?’ ಅಂದಳು.